ಜಯಮ್ಮನ ಗಿರಣಿಗೆ ಅಂಟಿದ ಅಲೆ

ಅಳತೆಯ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಸ್ಯಾಂಪಲ್ ರೇಟು ಎಷ್ಟಿಡ್ಬೇಕು?" ಒಂದು ಅಂಕಿ ಹೇಳಿಬಿಟ್ಟರೆ ಅವರಿಗೆ ಸಮಾಧಾನ. ನಾನು ಅಂಕಿ ಹೇಳುವುದಿಲ್ಲ. ಬ್ಯಾಡರಹಳ್ಳಿಯ ಜಯಮ್ಮನ ವಿಷಯ ಹೇಳುತ್ತೇನೆ. ಯಾರೋ ಆರಿಸಿಟ್ಟ ಒಂದು ರೇಟಿನ ದೆಸೆಯಿಂದ ಆಕೆಯ ಹಿಟ್ಟಿನ ಗಿರಣಿ ಎತ್ತಂಗಡಿಯಾಗುವುದರಲ್ಲಿತ್ತು. ಎತ್ತಂಗಡಿ ಮಾಡಿಸುವ ಕಾಗದಕ್ಕೆ ಸಹಿ ಹಾಕಬೇಕಾಗಿದ್ದವಳು ನಾನು.

ನಾನು ಕೆಲಸ ಮಾಡಿದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಸಂಸ್ಥೆಯಲ್ಲಿ. ಕಾರ್ಖಾನೆಗಳಿಗೆ ಹೋಗಿ ಯಂತ್ರಗಳ ಅದುರು, ಒತ್ತಡ, ಕರೆಂಟಿನ ಏರಿಳಿತ ಇವನ್ನೆಲ್ಲ ಅಳೆದು ಬರೆದುಕೊಡುವುದು ನಮ್ಮ ಕಸುಬು. ನಾನು ಸೇರಿದಾಗ ಕಾಗದದ ಸುರುಳಿಯ ಮೇಲೆ ಪೆನ್ನು ಗೀಚುತ್ತಾ ಹೋಗುವ ರೆಕಾರ್ಡರುಗಳಿದ್ದವು. ಸುರುಳಿ ಮುಗಿದರೆ ಅಳತೆ ಮುಗಿಯಿತು, ಶಾಯಿ ಒಣಗಿದರೂ ಮುಗಿಯಿತು. ಆಮೇಲೆ ಎಡಿಸಿ ಚಿಪ್ಪು ಬಂತು. ಏರಿಳಿಯುವ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ನೋಡಿ ಅಂಕಿಯಾಗಿ ಬರೆದುಕೊಳ್ಳುವ ಚಿಪ್ಪು ಅದು. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ನೋಡುತ್ತದೆಯೋ ಅದೇ ಸ್ಯಾಂಪಲ್ ರೇಟು. ಎರಡು ನೋಟಗಳ ನಡುವೆ ಏನಾಯಿತು ಎಂಬುದು ಚಿಪ್ಪಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅದು ಹೇಳುವುದೂ ಇಲ್ಲ. ಎರಡು ಚುಕ್ಕಿಗಳ ನಡುವೆ ಪರದೆಯ ಮೇಲೆ ನೀಟಾಗಿ ಗೆರೆ ಎಳೆದು ತೋರಿಸುತ್ತದೆ.

ನಮ್ಮ ಸಂಸ್ಥೆಯ ಯಜಮಾನರು ವಾಸುದೇವ ಎಂದು. ವಾಸು ಸಾರ್ ಎಂದು ಕರೆಯುತ್ತಿದ್ದೆವು. ಬೆಳಿಗ್ಗೆ ಬಂದವರೇ ಎಲ್ಲ ಮೀಟರುಗಳ ಪ್ರೋಬು ಸುತ್ತಿಟ್ಟಿದ್ದಾರೋ ಇಲ್ಲವೋ ನೋಡಿ, ಆಮೇಲೆ ಕಾಫಿ. ರೇಟಿನ ವಿಷಯದಲ್ಲಿ ಅವರದು ಎರಡೇ ನಿಯಮ. ಮೊದಲನೆಯದು, ಯಂತ್ರದ ಪಕ್ಕ ನಿಂತು ಇಲ್ಲಿ ಎಲ್ಲಕ್ಕಿಂತ ಜೋರಾಗಿ ಅಲ್ಲಾಡುವುದು ಯಾವುದು ಎಂದು ಕೇಳಬೇಕು. ರೇಟಿನ ಮಾತು ಆಮೇಲೆ. ಎರಡನೆಯದು, ಯಾವ ಅಲೆಯನ್ನೇ ಆಗಲಿ ಎರಡು ಬೇರೆ ಬೇರೆ ರೇಟಿನಲ್ಲಿ ನೋಡದೆ ವರದಿಯಲ್ಲಿ ಬರೆಯಕೂಡದು. ಅವರ ಅಣ್ಣ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿದ್ದವರು. ಒಬ್ಬರ ಮಾತು ಕೇಳಿ ಸುದ್ದಿ ಬರೆಯಬಾರದು ಎಂದು ಮನೆಯಲ್ಲೂ ಹೇಳುತ್ತಿದ್ದರಂತೆ. "ಅವ್ರಿಗೆ ಇಬ್ರು ಸಾಕ್ಷಿ, ನಮ್ಗೆ ಎರಡು ರೇಟು. ಅಷ್ಟೇ ಕಣಮ್ಮ ವ್ಯತ್ಯಾಸ" ಎನ್ನುತ್ತಿದ್ದರು ವಾಸು ಸಾರ್.

ಮೊದಲನೆಯ ನಿಯಮದ ಬೆಲೆ ನನಗೆ ಗೊತ್ತಾದದ್ದು ಕೆಂಗೇರಿಯಲ್ಲಿ. ಅಲ್ಲೊಬ್ಬರು ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಡಬ್ಬಗಳನ್ನು ತಯಾರಿಸುತ್ತಿದ್ದರು. ಒಳಗಿನ ಚಿಪ್ಪು ಮತ್ತೆ ಮತ್ತೆ ಸುಟ್ಟುಹೋಗುತ್ತಿತ್ತು. ಅವರೇ ವೋಲ್ಟೇಜನ್ನು ಬರೆದಿಡುವ ಒಂದು ಲಾಗರ್ ಇಟ್ಟು ವಾರಗಟ್ಟಲೆ ಬರೆಸಿದ್ದರು. ಎಲ್ಲಿಯೂ ವೋಲ್ಟೇಜ್ ಮಿತಿ ಮೀರಿರಲಿಲ್ಲ. ಗೆರೆ ಹಸುವಿನ ಬೆನ್ನಿನಷ್ಟು ಸಾಧುವಾಗಿತ್ತು. ಚಿಪ್ಪು ಮಾತ್ರ ಸಾಯುತ್ತಲೇ ಇತ್ತು. ವಾಸು ಸಾರ್ ಗೆರೆಯನ್ನು ನೋಡಲೇ ಇಲ್ಲ. ಸ್ಟಾರ್ಟರ್ ಆನ್ ಮಾಡಿ, ಆಫ್ ಮಾಡಿ, 'ಟಕ್' ಎಂಬ ಸದ್ದಿಗೆ ಕಿವಿ ಕೊಟ್ಟರು.

"ಈ ಟಕ್ ಅನ್ನೋದು ಎಷ್ಟು ಹೊತ್ತು ಇರುತ್ತೆ?" ಎಂದು ಕೇಳಿದರು.

"ಹೊತ್ತು ಅಂತ ಏನಿಲ್ಲ ಸಾರ್. ಟಕ್ ಅನ್ನತ್ತೆ, ಆಯ್ತು."

"ನಿಮ್ಮ ಲಾಗರ್ ಆ 'ಆಯ್ತು' ಆದ್ಮೇಲೆ ಬಂದು ನೋಡ್ತಾ ಇದೆ."

ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟು ಬಿಡುವಾಗ ಏಳುವ ವೋಲ್ಟೇಜಿನ ಮೊನೆ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನಷ್ಟು ಹೊತ್ತೂ ನಿಲ್ಲುವುದಿಲ್ಲ. ಸೆಕೆಂಡಿಗೆ ಸಾವಿರ ಸಲ ನೋಡುವ ಲಾಗರಿಗೆ ಅದು ಕಾಣುವುದು ಅದೃಷ್ಟವಿದ್ದರೆ ಮಾತ್ರ. ನಾವು ಸೆಕೆಂಡಿಗೆ ಕೋಟಿಗಟ್ಟಲೆ ಸಲ ನೋಡುವ ಸ್ಕೋಪು ತಂದಿಟ್ಟೆವು. ಪರದೆಯ ಮೇಲೆ ಗೋಪುರದಂಥ ಮೊನೆ ಎದ್ದು ನಿಂತಿತು. ಪುಸ್ತಕದ ಪ್ರಕಾರ ಅತಿ ವೇಗದ ಏರಿಳಿತದ ಎರಡು ಪಟ್ಟಿಗಿಂತ ಹೆಚ್ಚು ರೇಟಿದ್ದರೆ ಸಾಕು. ಅದು ಏನೋ ಇದೆ ಎಂದು ಗೊತ್ತಾಗುವುದಕ್ಕೆ. ಅದರ ಮೂಗು ಮುಖ ಹೇಗಿದೆ ಎಂದು ಕಾಣಬೇಕಾದರೆ ಹತ್ತು ಪಟ್ಟು ಬೇಕು. ಆ ಏರಿಕೆಯ ಮೇಲೆಯೇ ಹಲವು ಚುಕ್ಕಿಗಳು ಬೀಳಬೇಕು.

ಹಾಗೆಂದು ಎಲ್ಲದಕ್ಕೂ ಗರಿಷ್ಠ ರೇಟು ಇಡುತ್ತೇನೆಂದು ಹೊರಟವರ ಪಾಡು ಬೇರೆ. ಕೆಂಗೇರಿಯಿಂದ ಬಂದ ಹುರುಪಿನಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಬಣ್ಣ ಒಣಗಿಸುವ ಒಂದು ಓವನ್ನಿನ ಉಷ್ಣಾಂಶವನ್ನು ಸೆಕೆಂಡಿಗೆ ಹತ್ತು ಲಕ್ಷ ಸಲ ಅಳೆಯಲು ಬಿಟ್ಟು ಟಿಫನ್ನಿಗೆ ಹೋದರು. ಮಸಾಲೆ ದೋಸೆ ಮುಗಿಸಿ ಬರುವಷ್ಟರಲ್ಲಿ ಕಂಪ್ಯೂಟರಿನ ಹೊಟ್ಟೆ ತುಂಬಿ ಅದು ಮಲಗಿತ್ತು. ತೆರೆದು ನೋಡಿದರೆ ಉಷ್ಣಾಂಶ ಒಂದು ಡಿಗ್ರಿಯೂ ಏರಿರಲಿಲ್ಲ. ತಂತಿ ಸುತ್ತಮುತ್ತಲಿನ ಕರೆಂಟಿನಿಂದ ಹಿಡಿದು ತಂದ ಗಲಾಟೆಯೆಲ್ಲ ಸೇರಿ ಗೆರೆಗೆ ಕಂಬಳಿಹುಳದಂತೆ ಕೂದಲು ಬಂದಿತ್ತು.

ವಾಸು ಸಾರ್ ಬೈಯಲಿಲ್ಲ. "ಅನ್ನ ಆಯ್ತಾ ಅಂತ ನೋಡಕ್ಕೆ ಕುಕ್ಕರ್ ಮುಂದೆ ರೆಪ್ಪೆ ಹೊಡೀದೆ ಕೂತ್ಕೊಳ್ತಾರೇನಪ್ಪ?" ಎಂದರು, ಅಷ್ಟೆ. ಆ ಸಹೋದ್ಯೋಗಿಯನ್ನು ನಾವು ನಿವೃತ್ತಿಯವರೆಗೂ ಕುಕ್ಕರ್ ಎಂದೇ ಕರೆದೆವು. ಅವರೂ ಓಗೊಡುತ್ತಿದ್ದರು.

ನಿಧಾನವಾದರೆ ತಪ್ಪಿಹೋಗುತ್ತದೆ, ಅತಿಯಾದರೆ ತುಂಬಿಹೋಗುತ್ತದೆ. ಈ ಎರಡು ಪಾಠಗಳನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಮೂರನೆಯದು ಹಾಗಲ್ಲ. ಇರುವುದನ್ನು ಬಿಟ್ಟು, ಇಲ್ಲದ್ದನ್ನು ತೋರಿಸುವ ರೇಟೂ ಇರುತ್ತದೆ. ಅದು ನನಗೆ ಕಣ್ಣಾರೆ ಕಂಡದ್ದು ಕೆಲಸದ ಕೊನೆಯ ವರ್ಷಗಳಲ್ಲಿ, ಜಯಮ್ಮನ ಗಿರಣಿಯ ಗೋಡೆಯ ಈಚೆ.

ಒಂದು ದಿನ ಪ್ರಕಾಶ್ ಎಂಬ ಯುವಕ ನಮ್ಮ ಆಫೀಸಿಗೆ ಬಂದರು. ಬ್ಯಾಡರಹಳ್ಳಿಯ ಒಂದು ಶೆಡ್ಡಿನಲ್ಲಿ ಬೇರಿಂಗಿನ ಉಕ್ಕಿನ ಬಳೆಗಳ ಒಳಮೈಯನ್ನು ಉಜ್ಜಿ ನಯ ಮಾಡಿಕೊಡುವ ಗ್ರೈಂಡಿಂಗ್ ಕೆಲಸ ಅವರದು. ಕೆಲವು ವಾರಗಳಿಂದ ಬಳೆಗಳ ಮೇಲೆ ಸಣ್ಣ ಸಣ್ಣ ಗೆರೆ ಬೀಳುತ್ತಿತ್ತು. ಕೊಳ್ಳುವವರು ಮಾಲು ವಾಪಸು ಕಳಿಸುತ್ತಿದ್ದರು. ಅವರ ಬಾಮೈದ ನವೀನ್, ಎಂಜಿನಿಯರಿಂಗ್ ಓದಿದವನು, ಒಂದು ಅದುರು ಸೆನ್ಸರನ್ನೂ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಎಡಿಸಿ ಕಾರ್ಡನ್ನೂ ತರಿಸಿ ಯಂತ್ರಕ್ಕೆ ಅಂಟಿಸಿದ್ದ. ಪರದೆಯ ಮೇಲೆ ನಿಧಾನವಾದ, ದೊಡ್ಡ ಅಲೆಯೊಂದು ಕಂಡಿತ್ತು. ಸೆಕೆಂಡಿಗೆ ಎರಡು ಸಲಕ್ಕಿಂತ ಚೂರು ಹೆಚ್ಚು.

"ಪಕ್ಕದ ಶೆಡ್ಡಲ್ಲಿ ಹಿಟ್ಟಿನ ಗಿರಣಿ ಇದೆ ಮೇಡಂ" ಎಂದರು ಪ್ರಕಾಶ್. "ಹಳೇ ಕಾಲದ ಪಟ್ಟಿ ಬೆಲ್ಟು. ಬೆಲ್ಟಿಗೆ ಜಾಯಿಂಟ್ ಹಾಕಿದಾರೆ. ಆ ಜಾಯಿಂಟು ಚಕ್ರದ ಮೇಲೆ ಬಂದಾಗೆಲ್ಲ ಟಪ್ ಅನ್ನತ್ತೆ. ವಾಚ್ ಹಿಡ್ಕೊಂಡು ಲೆಕ್ಕ ಹಾಕಿದ್ವಿ, ಸೆಕೆಂಡಿಗೆ ಎರಡು, ಎರಡು ಚಿಲ್ರೆ. ಕರೆಕ್ಟಾಗಿ ಅದೇ."

"ಗಿರಣಿ ನಿಲ್ಲಿಸಿ ನೋಡಿದ್ರಾ?"

"ಕರೆಂಟ್ ಹೋದಾಗ ನೋಡಿದೀವಿ. ಲ್ಯಾಪ್‌ಟಾಪ್ ಬ್ಯಾಟರೀಲಿ ಓಡ್ತಿತ್ತಲ್ಲ. ಗಿರಣಿ ನಿಂತ ತಕ್ಷಣ ಅಲೆ ಮಾಯ. ಇನ್ನೇನು ಬೇಕು ಮೇಡಂ?"

ಅವರಿಗೆ ಬೇಕಾಗಿದ್ದದ್ದು ನಮ್ಮ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು. ಶೆಡ್ಡುಗಳ ಮಾಲೀಕರು ರಂಗಪ್ಪನವರು, ಬ್ಯಾಡರಹಳ್ಳಿಯ ಹಳೆಯ ಮನೆತನದವರು. ತಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಗ ಶೆಡ್ಡು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಪಕ್ಕದವರ ಜಗಳ ಕೇಳಿ ಕೇಳಿ ಸಾಕಾಗಿ, ಅಳತೆ ಮಾಡುವವರಿಂದ ಬರೆಸಿಕೊಂಡು ಬಂದರೆ ತಿಂಗಳ ಕೊನೆಗೆ ಗಿರಣಿ ಖಾಲಿ ಮಾಡಿಸುತ್ತೇನೆ ಎಂದು ಹೇಳಿದ್ದರಂತೆ.

ವಾಸು ಸಾರ್ ಎಲ್ಲ ಕೇಳಿಸಿಕೊಂಡರು. ಪ್ರಕಾಶ್ ಅವರ ಫೋನಿನಲ್ಲಿದ್ದ ಅಲೆಯ ಚಿತ್ರ ನೋಡಿದರು. "ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ" ಎಂದರು. ಅವರು ಹಾಗೆ ಎರಡು ಸಲ ಹೇಳಿದರೆ ಅನುಮಾನ ಬಂದಿದೆ ಎಂದು ಅರ್ಥ. ನನ್ನ ಕಡೆ ತಿರುಗಿ, "ಹೋಗಿ ನೋಡ್ಕೊಂಡು ಬಾಮ್ಮ. ಎರಡು ರೇಟು" ಎಂದು ಎರಡು ಬೆರಳು ತೋರಿಸಿದರು.

ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತೂ ನಿಂತೂ ಬ್ಯಾಡರಹಳ್ಳಿ ತಲುಪಿದೆ. ಪ್ರಕಾಶ್ ಅವರ ಶೆಡ್ಡಿಗೆ ಹೋಗುವ ಮೊದಲು ಗಿರಣಿಯೊಳಗೆ ಇಣುಕಿದೆ. ಹಿಟ್ಟಿನ ಬೆಚ್ಚನೆಯ ವಾಸನೆ. ಗೋಡೆಯುದ್ದಕ್ಕೂ ಸ್ಟೀಲ್ ಡಬ್ಬಗಳ ಸಾಲು: ರಾಗಿ, ಗೋಧಿ, ಹುರಿಗಡಲೆ. ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದ ಜಯಮ್ಮ ನನ್ನ ಕೈಯ ಪೆಟ್ಟಿಗೆ ನೋಡಿದ ಕೂಡಲೇ ಯಾರೆಂದು ಅರ್ಥಮಾಡಿಕೊಂಡರು.

"ಅಳಿಯಕ್ಕೆ ಬಂದ್ರಾ? ಅಳೀರಿ, ಅಳೀರಿ. ನಿಲ್ಸು ಅಂತ ಮಾತ್ರ ಹೇಳ್ಬೇಡಿ."

"ಒಂದೈದು ನಿಮಿಷ ನಿಲ್ಸಿದ್ರೆ ಬೇಗ ಗೊತ್ತಾಗುತ್ತಲ್ಲ, ಜಯಮ್ಮೋರೆ" ಎಂದೆ.

"ಅದೇ ಬೇಡ ಅಂದಿದ್ದು. ನಾನು ನಿಲ್ಸಿದ್ರೆ ತಪ್ಪು ಒಪ್ಕೊಂಡಂಗೆ. ನಾಳೆ ಇವ್ರು, ಬೆಳಗ್ಗೆ ನಮ್ದು ಕೆಲ್ಸ ಇದೆ ನಿಲ್ಸು, ಮಧ್ಯಾಹ್ನ ಸಾಹೇಬ್ರು ಬರ್ತಾರೆ ನಿಲ್ಸು ಅಂತಾರೆ. ನಮ್ಮೆಜಮಾನ್ರು ಹಾಕಿದ ಗಿರಣಿ ಇದು. ಅವ್ರು ಹೋದ್ಮೇಲೆ ಮಕ್ಕಳನ್ನ ಓದ್ಸಿದ್ದು ಇದೇ ಬೆಲ್ಟು. ಈಗ ಯಾರದೋ ಬಳೆಗೆ ಗೆರೆ ಬಿತ್ತು ಅಂತ ಇದನ್ನ ಹೊತ್ಕೊಂಡು ಎಲ್ಲಿಗ್ ಹೋಗ್ಲಿ? ನಂಗೆ ಬೇರೆ ಏರಿಯಾದಲ್ಲಿ ಯಾರು ರಾಗಿ ತಂದ್ಕೊಡ್ತಾರೆ?"

ನಾನು ಒತ್ತಾಯಿಸಲಿಲ್ಲ. ಆಕೆಯ ಮಾತು ನ್ಯಾಯವಾಗಿಯೇ ಇತ್ತು. ಗಿರಣಿ ನಿಲ್ಲಿಸದೆಯೇ ಸತ್ಯ ತಿಳಿಯಬೇಕಿತ್ತು.

ಪ್ರಕಾಶ್ ಅವರ ಶೆಡ್ಡಿನಲ್ಲಿ ರಂಗಪ್ಪನವರು ಆಗಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನವೀನ್ ಲ್ಯಾಪ್‌ಟಾಪ್ ಸಿದ್ಧವಾಗಿಟ್ಟಿದ್ದ. ಯಂತ್ರ ಓಡುತ್ತಿತ್ತು. ಸ್ಪಿಂಡಲ್, ಅಂದರೆ ಉಜ್ಜುವ ಕಲ್ಲನ್ನು ತಿರುಗಿಸುವ ದಂಡ, ಸೊಳ್ಳೆಯಂತೆ ಸಣ್ಣಗೆ ಕೊಯ್ಯುವ ದನಿಯಲ್ಲಿ ಹಾಡುತ್ತಿತ್ತು. ಗೋಡೆಯಾಚೆ ಜಯಮ್ಮನ ಬೆಲ್ಟು ಟಪ್... ಟಪ್... ಎನ್ನುತ್ತಿತ್ತು. ಪರದೆಯ ಮೇಲೆ ಅಲೆ ಆ ಟಪ್ಪಿನ ಜೊತೆಗೇ ಏರಿ ಇಳಿಯುತ್ತಿತ್ತು. ನೋಡಿದರೆ ನನಗೂ ನಂಬಿಕೆ ಬರುವಂತಿತ್ತು. ಇದನ್ನು ನೋಡಿ ಗಿರಣಿಯ ಮೇಲೆ ತಪ್ಪು ಹೊರಿಸಿದ್ದಕ್ಕಾಗಿ ನವೀನನನ್ನು ಯಾರೂ ದಡ್ಡ ಎನ್ನಲಾರರು.

"ನೋಡಿದ್ರಾ ಮೇಡಂ? ತಾಳ ಹಾಕ್ದಂಗಿದೆ" ಎಂದ ನವೀನ್.

ವಾಸು ಸಾರ್ ಹೇಳಿಕೊಟ್ಟ ಮೊದಲ ಪ್ರಶ್ನೆ ಕೇಳಿದೆ. "ಇಲ್ಲಿ ಎಲ್ಲಕ್ಕಿಂತ ಜೋರಾಗಿ ತಿರುಗೋದು ಯಾವುದು?"

"ಸ್ಪಿಂಡಲ್. ನಿಮಿಷಕ್ಕೆ ಅರವತ್ತು ಸಾವಿರ ಸುತ್ತು" ಎಂದರು ಪ್ರಕಾಶ್, ಹೆಮ್ಮೆಯಿಂದಲೇ.

"ನವೀನ್, ನೀವು ರೇಟು ಎಷ್ಟಿಟ್ಟಿದೀರಾ?"

"ಸಾವಿರ. ಸೆಕೆಂಡಿಗೆ ಸಾವಿರ ಸ್ಯಾಂಪಲ್."

"ಯಾಕೆ ಸಾವಿರ?"

ನವೀನ್ ಸ್ವಲ್ಪ ಯೋಚಿಸಿದ. "ಬೆಲ್ಟು ಸೆಕೆಂಡಿಗೆ ಎರಡೇ ಸಲ ಅಲ್ವಾ ಮೇಡಂ. ಅದಕ್ಕೆ ಸಾವಿರ ಧಾರಾಳ ಆಯ್ತು ಅಂತ. ಮತ್ತೆ... ರೌಂಡ್ ನಂಬರು."

ನಿಮಿಷಕ್ಕೆ ಅರವತ್ತು ಸಾವಿರ ಎಂದರೆ ಸೆಕೆಂಡಿಗೆ ಸಾವಿರ ಸುತ್ತು. ಸ್ಪಿಂಡಲ್ ಮಾಡಿದವರಿಗೂ ರೌಂಡ್ ನಂಬರ್ ಇಷ್ಟ, ನವೀನನಿಗೂ ಇಷ್ಟ. ನಮ್ಮ ಕಸುಬಿನಲ್ಲಿ ಇಬ್ಬರಿಗೂ ಒಂದೇ ಅಂಕಿ ಇಷ್ಟವಾಗುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಬೆಲ್ಟಿನ ಲೆಕ್ಕದಲ್ಲಿ ಅವನ ರೇಟು ಧಾರಾಳವೇ. ಆದರೆ ಸೆನ್ಸರು ಬೆಲ್ಟಿನ ಅದುರನ್ನು ಮಾತ್ರ ಆರಿಸಿ ಕೊಡುವುದಿಲ್ಲ. ಯಂತ್ರದ ಮೈಯಲ್ಲಿರುವ ಎಲ್ಲ ಅದುರನ್ನೂ ತಂದು ಸುರಿಯುತ್ತದೆ. ನಾವು ಬಯಸಿದ್ದಕ್ಕೆ ತಕ್ಕಂತೆ ರೇಟು ಆರಿಸುತ್ತೇವೆ, ಚಿಪ್ಪಿನ ಬಾಗಿಲಿಗೆ ಬರುವುದು ನಾವು ಬಯಸದ್ದೂ ಸೇರಿ. ಅದಕ್ಕೇ ನಮ್ಮ ಪೆಟ್ಟಿಗೆಗಳಲ್ಲಿ ಚಿಪ್ಪಿನ ಮುಂದೆ ಒಂದು ಫಿಲ್ಟರ್ ಇರುತ್ತದೆ, ಆ ರೇಟಿಗೆ ನಿಲುಕದ ವೇಗದ ಅದುರನ್ನೆಲ್ಲ ಹೊರಗೇ ತಡೆಯುವುದಕ್ಕೆ. ನವೀನ್ ತರಿಸಿದ ಕಾರ್ಡಿನಲ್ಲಿ ಅದು ಇರಲಿಲ್ಲ.

"ರೇಟನ್ನ ಸಾವಿರದ ಹತ್ತು ಮಾಡಿ" ಎಂದೆ.

"ಬರೀ ಹತ್ತಾ?"

"ಹತ್ತು ಸಾಕು."

ನವೀನ್ ಒತ್ತಿದ. ಪರದೆಯ ಮೇಲಿನ ಅಲೆ ಹುಚ್ಚು ಹಿಡಿದಂತೆ ಓಡತೊಡಗಿತು. ಸೆಕೆಂಡಿಗೆ ಎರಡಿದ್ದದ್ದು ಹನ್ನೆರಡಾಯಿತು. ಗೋಡೆಯಾಚೆ ಬೆಲ್ಟು ತನ್ನ ಪಾಡಿಗೆ ಟಪ್... ಟಪ್... ಎನ್ನುತ್ತಲೇ ಇತ್ತು.

"ಜಯಮ್ಮಕ್ಕ ಜೋರು ಮಾಡಿದ್ರಾ?" ಎಂದು ಪ್ರಕಾಶ್ ಗೋಡೆಗೆ ಕಿವಿಯಿಟ್ಟರು. ಇಟ್ಟವರು ಹಾಗೆಯೇ ನಿಂತರು.

"ಈಗ ಒಂಬೈನೂರ ತೊಂಬತ್ತು ಮಾಡಿ." ಅಲೆ ಇನ್ನೊಂದು ವೇಗಕ್ಕೆ ಬಂತು. ಬೆಲ್ಟು ಮಾತ್ರ ಅದೇ.

"ನಾವು ಬಟನ್ ಒತ್ತಿದ್ರೆ ಆಕೆಯ ಬೆಲ್ಟಿನ ವೇಗ ಬದಲಾಗಲ್ಲ" ಎಂದೆ. "ಆದ್ರೆ ಈ ಅಲೆ ಬದಲಾಗ್ತಿದೆ. ಅಂದ್ರೆ ಇದು ಬೆಲ್ಟಿಂದಲ್ಲ. ನಿಜವಾದ ಅಲೆ ನಾವು ಎಷ್ಟು ಸಲ ನೋಡಿದ್ರೂ ಅದೇ ವೇಗದಲ್ಲಿರಬೇಕು."

ರಂಗಪ್ಪನವರು ಒಪ್ಪಲಿಲ್ಲ. "ನೋಡಮ್ಮ, ನಂಗೆ ಕಂಪ್ಯೂಟ್ರು ಗೊತ್ತಿಲ್ಲ. ನೀವು ಒತ್ತಿದ್ರಿ, ಅದು ಕುಣೀತು. ನೀವು ಒತ್ತಿದಂಗೆ ಕುಣಿಯೋದನ್ನ ಸಾಕ್ಷಿ ಅಂತ ಹೆಂಗೆ ಇಟ್ಕೊಳ್ಳೋದು?"

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮೆಟ್ರೊ ನೆನಪಾಯಿತು. ನಮ್ಮ ಆಫೀಸಿನ ತಾರಸಿಯಿಂದ ಅದು ದಿನವೂ ಕಾಣುತ್ತಿತ್ತು.

"ರಾಜಾಜಿನಗರ ಸ್ಟೇಷನ್ ಎದುರಿನ ಮಹಡೀಲಿ ಕೂತಿದೀರಿ ಅಂದ್ಕೊಳ್ಳಿ. ಐದು ನಿಮಿಷಕ್ಕೊಂದು ರೈಲು. ನೀವು ಕಣ್ಣು ಮುಚ್ಕೊಂಡು, ಐದು ನಿಮಿಷಕ್ಕೆ ಒಂದೇ ಸಲ ಕಣ್ಣು ಬಿಡ್ತೀರಿ. ಏನ್ ಕಾಣುತ್ತೆ?"

"ರೈಲು ಕಾಣುತ್ತೆ."

"ಮತ್ತೆ ಐದು ನಿಮಿಷ ಬಿಟ್ಟು?"

"ಆಗ್ಲೂ ರೈಲೇ." ಅವರು ಕಣ್ಣು ಮುಚ್ಚಿ ತೆರೆದರು. "ಅಂದ್ರೆ ರೈಲು ನಿಂತೇ ಇದೆ ಅನ್ಸುತ್ತೆ."

"ಪ್ರತಿ ರೈಲೂ ಒಂದೆರಡು ಸೆಕೆಂಡ್ ತಡ ಆಗ್ತಾ ಬಂತು ಅಂದ್ಕೊಳ್ಳಿ. ನೀವು ಕಣ್ಣು ಬಿಟ್ಟಾಗೆಲ್ಲ ಅದು ಸ್ವಲ್ಪ ಸ್ವಲ್ಪ ಹಿಂದೆ ಇರುತ್ತೆ."

"ಹಂಗಾದ್ರೆ ಮೆಟ್ರೊ ಮೆಲ್ಲಗೆ ಹಿಂದಕ್ಕೆ ಹೋಗ್ತಿದೆ ಅಂತೀನಾ?"

"ಅನ್ನೋದಷ್ಟೇ ಅಲ್ಲ ರಂಗಪ್ಪೋರೆ, ಲೆಟರ್‌ಹೆಡ್ಡಲ್ಲಿ ಬರೆಸ್ಕೊಂಡು ಬನ್ನಿ ಅಂತೀರಿ."

ಅವರು ಹೊಟ್ಟೆ ಕುಣಿಸಿ ನಕ್ಕರು. ನಗು ಮುಗಿದ ಮೇಲೆ ಸ್ಪಿಂಡಲ್ ಕಡೆ ನೋಡಿದರು. ಹೆಸರಿಗೆ ಸಾವಿರವಾದರೂ ನಿಜದಲ್ಲಿ ಸೆಕೆಂಡಿಗೆ ಸಾವಿರಕ್ಕೆ ಎರಡು ಚಿಲ್ಲರೆ ಕಡಿಮೆ ಸುತ್ತು ತಿರುಗುತ್ತಿರುವ ದಂಡವನ್ನು ಸಾವಿರ ಸಲ ನೋಡಿದರೆ ಅದೇ ಆಗುತ್ತದೆ. ಕಣ್ಣಿಗೆ ಕಾಣದ ವೇಗದ ಅದುರು, ಸೆಕೆಂಡಿಗೆ ಎರಡು ಸಲದ ಸೋಮಾರಿ ಅಲೆಯ ವೇಷ ಹಾಕಿಕೊಂಡು ಬರುತ್ತದೆ. ಒಮ್ಮೆ ಅಂಕಿಯಾಗಿ ದಾಖಲಾದ ಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಆ ವೇಷ ಕಳಚಲಾಗದು. ಬೆಲ್ಟಿನ ಟಪ್ಪಿಗೂ ಅದಕ್ಕೂ ತಾಳ ಕೂಡಿದ್ದು ಬರೀ ಕಾಕತಾಳೀಯ. ಜಯಮ್ಮನ ಪಾಲಿಗೆ ಕೆಟ್ಟ ಕಾಕತಾಳೀಯ.

"ಆಯ್ತು, ಸ್ಪಿಂಡಲ್ ನಿಲ್ಸಿ ನೋಡೋಣ" ಎಂದೆ.

"ಸ್ಪಿಂಡಲ್ ನಿಲ್ಸಿದ್ರೆ ಏನ್ ಅಳೀತೀರಾ ಮೇಡಂ? ಪೇಷೆಂಟೇ ಅದಲ್ವಾ?" ಎಂದರು ಪ್ರಕಾಶ್.

ಅಲ್ಲಿಯೇ ಇತ್ತು ಎಡವಟ್ಟು. ದೂರು ಕೊಟ್ಟವರ ಯಂತ್ರದ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಕರೆಂಟು ಹೋದಾಗ ಗಿರಣಿಯ ಜೊತೆ ಸ್ಪಿಂಡಲೂ ನಿಂತಿತ್ತು. ಎರಡೂ ಒಂದೇ ಟ್ರಾನ್ಸ್‌ಫಾರ್ಮರಿನ ಮೇಲಿದ್ದವು. ನಿಂತದ್ದರಲ್ಲಿ ಪಕ್ಕದವರದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ಮಿಕ್ಕ ದಿನಗಳಲ್ಲಿ ಗಿರಣಿ ಓಡುವಾಗ ಇವರ ಯಂತ್ರವೂ ಓಡುತ್ತಿತ್ತು.

ಪ್ರಕಾಶ್ ಸ್ವಿಚ್ಚು ಒತ್ತಿದರು. ಸೊಳ್ಳೆಯ ಹಾಡು ಇಳಿಯುತ್ತಾ ಇಳಿಯುತ್ತಾ ನಿಂತಿತು. ಪರದೆಯ ಮೇಲಿನ ಅಲೆ ಒಂದಿಷ್ಟು ಹೊತ್ತು ಅಡ್ಡಾದಿಡ್ಡಿ ಓಡಿ ಸತ್ತುಹೋಯಿತು. ಗೆರೆ ನೆಲಕ್ಕೆ ಒರಗಿತು. ಗೋಡೆಯಾಚೆಯಿಂದ ಟಪ್... ಟಪ್... ಈಗ ಇನ್ನೂ ಸ್ಪಷ್ಟವಾಗಿ ಕೇಳುತ್ತಿತ್ತು.

ರಂಗಪ್ಪನವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. "ಯೋ ಪ್ರಕಾಶ, ನಿನ್ನ ಮನೆ ಒಲೆ ಹೊಗೆಗೆ ಪಕ್ಕದ ಮನೆಯವ್ರ ಮೇಲೆ ಬಂದಿದೀಯಲ್ಲೋ" ಎಂದರು.

ನವೀನ್ ಮುಖ ಕೆಂಪಾಗಿತ್ತು. "ಭಾವ, ನಾನು ಫಿಲ್ಟರ್ ಇರೋ ಕಾರ್ಡ್ ತಗೊಳ್ಳೋಣ ಅಂದಿದ್ದೆ" ಎಂದು ಗೊಣಗಿದ.

"ನೀನು ಅಂದಿದ್ದು, ಭಾವ ಸಿಕ್ತು ಸಿಕ್ತು ಅಂತ. ನಂಗೆ ಚೆನ್ನಾಗಿ ನೆನಪಿದೆ" ಎಂದರು ಪ್ರಕಾಶ್.

ಅಷ್ಟರಲ್ಲಿ ಸ್ಪಿಂಡಲ್ ದನಿ ನಿಂತದ್ದು ಕೇಳಿ ಜಯಮ್ಮ ಬಾಗಿಲಿಗೆ ಬಂದಿದ್ದರು. ಸೊಸೆಯನ್ನು ಗಿರಣಿಯ ಮುಂದೆ ನಿಲ್ಲಿಸಿ ಬಂದದ್ದರಿಂದ ಬೆಲ್ಟು ಓಡುತ್ತಲೇ ಇತ್ತು. ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಳ್ಳುತ್ತಾ ಕೇಳಿದರು: "ಏನಾಯ್ತು? ನನ್ನ ಓಡ್ಸೋದು ಖಾಯಮ್ಮಾ?"

"ಇಲ್ಲ ಜಯಮ್ಮ. ಅದು ನಿಂದಲ್ವಂತೆ. ಇವ್ರದೇ ಅಂತೆ" ಎಂದರು ರಂಗಪ್ಪ.

ಆಕೆ ಖುಷಿಪಟ್ಟು ಹೊರಟುಬಿಡುತ್ತಾರೆಂದು ನಾನು ಭಾವಿಸಿದ್ದೆ. ಹೊರಡಲಿಲ್ಲ. ಒಳಗೆ ಬಂದು ಪರದೆಯ ಮುಂದೆ ನಿಂತರು.

"ಹಂಗಾದ್ರೆ ನಂದು ಯಾವ್ದು?"

"ಏನು?" ಎಂದೆ.

"ಇಷ್ಟು ದಿನ ಇವ್ರದ್ದನ್ನ ನಂದು ಅಂದ್ರಿ. ನನ್ನ ಬೆಲ್ಟೂ ಟಪ್ ಅನ್ನತ್ತಲ್ಲ, ನಾನೇನ್ ಕಿವುಡಿನಾ? ಅದು ಎಲ್ಲಿ ಇದರಲ್ಲಿ? ನಂದು ನಂಗೆ ತೋರ್ಸಿ."

ನಾನು ನನ್ನ ಪೆಟ್ಟಿಗೆ ತೆರೆದೆ. ಫಿಲ್ಟರ್ ಇರುವ ನಮ್ಮ ಉಪಕರಣವನ್ನು ಜೋಡಿಸಿ, ಸತ್ತಂತೆ ಬಿದ್ದಿದ್ದ ಗೆರೆಯನ್ನು ಹಿಗ್ಗಿಸುತ್ತಾ ಹೋದೆ. ಬಹಳ ಹಿಗ್ಗಿಸಿದ ಮೇಲೆ ಕಂಡಿತು. ಪುಟ್ಟ ಉಬ್ಬು, ಆಮೇಲೆ ಬಯಲು, ಮತ್ತೊಂದು ಪುಟ್ಟ ಉಬ್ಬು. ಟಪ್... ಟಪ್...

"ಇದೆಯಲ್ಲ ಮೇಡಂ! ಇದ್ಯಲ್ಲ!" ಎಂದು ಪ್ರಕಾಶ್ ಎದ್ದುನಿಂತರು. ಅವರು ಎದ್ದುನಿಂತ ರಭಸಕ್ಕೆ ಪರದೆಯ ಮೇಲೆ ಅದಕ್ಕಿಂತ ದೊಡ್ಡ ಉಬ್ಬೊಂದು ಎದ್ದಿತು.

"ಈಗ ಎದ್ದದ್ದು ನಿಮ್ದು" ಎಂದೆ. "ಜಯಮ್ಮೋರ ಟಪ್ಪಿಗೆ ಬಳೆ ಹಾಳಾಗೋ ಹಾಗಿದ್ರೆ, ನೀವು ಶೆಡ್ಡಲ್ಲಿ ಓಡಾಡೋ ಹಾಗೇ ಇಲ್ಲ."

ವಾಡಿಕೆಯಂತೆ ರೇಟು ಬದಲಿಸಿದೆ. ಉಬ್ಬುಗಳು ಕದಲಲಿಲ್ಲ. ಇನ್ನೊಮ್ಮೆ ಬದಲಿಸಿದೆ. ಅಲ್ಲಿಯೇ ಇದ್ದವು. ಜಯಮ್ಮ ಬೆಲ್ಟಿನ ಸದ್ದಿಗೆ ತಲೆಯಾಡಿಸುತ್ತಾ, ಒಂದೊಂದು ಉಬ್ಬನ್ನೂ ಬೆರಳಿನಿಂದ ತೋರಿಸುತ್ತಾ ನೋಡಿದರು. ಪರದೆಯ ಮೇಲೆ ಹಿಟ್ಟಿನ ಗುರುತು ಬಿತ್ತು.

"ಹೂಂ. ಇದು ನಂದು" ಎಂದರು. "ಇಷ್ಟೇ ಇಷ್ಟು. ಎಷ್ಟು ಸಲ ನೋಡಿದ್ರೂ ಅಲ್ಲೇ ಐತೆ."

ಹೊರಡುವಾಗ ಮತ್ತೆ ತಿರುಗಿದರು. "ಮೇಡಂ, ಕಾಗದದಲ್ಲಿ ಇವ್ರದ್ದು ಮಾತ್ರ ಬರೀಬೇಡಿ. ನಂದೂ ಬರೀರಿ. ಇಲ್ಲ ಅಂದ್ರೆ ನಾಳೆ ಇನ್ಯಾರಾದ್ರೂ ಬಂದು ಹಿಗ್ಸಿ ನೋಡಿ, ಮುಚ್ಚಿಟ್ಟಿದ್ರು ಅಂತಾರೆ."

ಬರೆದೆ. ಗ್ರೈಂಡಿಂಗ್ ಯಂತ್ರದಲ್ಲಿ ಕಂಡ ದೊಡ್ಡ ಅದುರು ಅದರ ಸ್ಪಿಂಡಲ್ಲಿನದೇ. ಪಕ್ಕದ ಗಿರಣಿಯ ಬೆಲ್ಟಿನಿಂದಲೂ ಅದುರು ಬರುತ್ತದೆ, ಅದು ಆ ಶೆಡ್ಡಿನಲ್ಲಿ ಒಬ್ಬರು ನಡೆದಾಡುವಾಗ ಆಗುವುದಕ್ಕಿಂತ ಕಡಿಮೆ. ಎರಡನ್ನೂ ಒಂದಕ್ಕಿಂತ ಹೆಚ್ಚು ರೇಟಿನಲ್ಲಿ ಪರೀಕ್ಷಿಸಲಾಗಿದೆ. ವಾಸು ಸಾರ್ ಅದನ್ನು ಓದಿ ಒಂದು ಪದವನ್ನೂ ತಿದ್ದದೆ ನನ್ನ ಸಹಿಗೆ ಕೊಟ್ಟರು. ಅವರು ಏನನ್ನೂ ತಿದ್ದದಿದ್ದದ್ದು ನನ್ನ ನೆನಪಿನಲ್ಲಿ ಅದೊಂದೇ ಸಲ. ರಂಗಪ್ಪನವರು ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಗಿರಣಿ ಖಾಲಿ ಮಾಡಿಸುವ ಮಾತು ಅಲ್ಲಿಗೆ ಮುಗಿಯಿತು.

ಸ್ಪಿಂಡಲ್ ರಿಪೇರಿಗೆ ಹೋಯಿತು. ಬಿಚ್ಚಿದಾಗ ಮುಂದಿನ ಬೇರಿಂಗು ಸವೆದದ್ದು ಕಂಡಿತು. ಬೇರಿಂಗಿನ ಬಳೆ ಮಾಡುವವರ ಯಂತ್ರದಲ್ಲಿ ಬೇರಿಂಗೇ ಕೆಟ್ಟಿತ್ತು ಎಂದು ನಮ್ಮ ಕುಕ್ಕರ್ ಎರಡು ದಿನ ನಗುತ್ತಿದ್ದರು. ಹೊಸದು ಹಾಕಿದ ಮೇಲೆ ಬಳೆಗಳ ಗೆರೆ ನಿಂತಿತು. ನವೀನ್ ಫಿಲ್ಟರ್ ಇರುವ ಕಾರ್ಡ್ ಕೊಂಡುಕೊಂಡ. ಅವನೀಗ ಸಲಹೆ ಕೇಳಿ ಆಗಾಗ ಫೋನ್ ಮಾಡುತ್ತಾನೆ. ರೇಟು ಹೇಳುವಾಗ ಒಂದು ರೌಂಡ್ ನಂಬರನ್ನೂ ಬಾಯಲ್ಲಿ ತರುವುದಿಲ್ಲ. ಅಷ್ಟು ಭಯವೂ ಬೇಡ ಎಂದು ಹೇಳಿದ್ದೇನೆ. ಫಿಲ್ಟರ್ ಇದ್ದು, ರೇಟು ಸಾಕಷ್ಟು ಹೆಚ್ಚಿದ್ದರೆ ರೌಂಡ್ ನಂಬರೂ ನಿರಪಾಯವೇ. ಆದರೂ ಅವನು ಎರಡು ರೇಟಿನಲ್ಲಿ ನೋಡುತ್ತಾನೆ. ಅಷ್ಟಾದರೆ ನನಗೆ ಸಾಕು.

ನಿವೃತ್ತಿಯ ನಂತರ ನಾವು ಬಸವೇಶ್ವರನಗರದ ಬಾಡಿಗೆ ಮನೆ ಬಿಟ್ಟು ಮಲ್ಲತ್ತಹಳ್ಳಿಗೆ ಬಂದೆವು. ಹತ್ತಿರದಲ್ಲಿ ಪ್ಯಾಕೆಟ್ ಹಿಟ್ಟು ಮಾರುವ ಅಂಗಡಿಗಳು ಬೇಕಾದಷ್ಟಿವೆ. ನಾನು ರಾಗಿಯನ್ನು ಸ್ಕೂಟರಿನಲ್ಲಿಟ್ಟುಕೊಂಡು ಬ್ಯಾಡರಹಳ್ಳಿಗೇ ಹೋಗುತ್ತೇನೆ. ಜಾಯಿಂಟ್ ಇಲ್ಲದ ಹೊಸ ಬೆಲ್ಟು ಹಾಕಿಸಿಕೊಡುತ್ತೇನೆ ಎಂದು ರಂಗಪ್ಪನವರೇ ಮುಂದೆ ಬಂದಿದ್ದರಂತೆ. ಜಯಮ್ಮ ಒಪ್ಪಿಲ್ಲ. ಬೀದಿಯ ತುದಿಯಲ್ಲಿ ಟಪ್ ಕೇಳಿದರೆ ಗಿರಣಿ ತೆಗೆದಿದೆ ಎಂದು ಗಿರಾಕಿಗಳಿಗೆ ಗೊತ್ತಾಗುತ್ತದೆ, ಬೋರ್ಡು ಯಾರು ಓದುತ್ತಾರೆ ಎಂಬುದು ಆಕೆಯ ವಾದ.

ಹೋದ ವಾರ ಹೋದಾಗ ನನಗಿಂತ ಮುಂದೆ ಪ್ರಕಾಶ್ ನಿಂತಿದ್ದರು, ಕೈಯಲ್ಲಿ ಗೋಧಿಯ ಡಬ್ಬ.

"ಜಯಮ್ಮಕ್ಕ, ಸ್ವಲ್ಪ ಬೇಗ ಹಾಕ್ಕೊಡಿ. ಅಲ್ಲಿ ಮಿಷನ್ ಓಡ್ತಾ ಇದೆ" ಎಂದರು.

"ಸಾಲಲ್ಲಿ ನಿಂತ್ಕೊ. ನಿನ್ನ ಸ್ಪಿಂಡಲ್ ಥರ ಸುತ್ತಕ್ಕೆ ನಂಗಾಗಲ್ಲ" ಎಂದರು ಜಯಮ್ಮ, ತಿರುಗಿಯೂ ನೋಡದೆ. "ನಾನು ಸೆಕೆಂಡಿಗೆ ಎರಡೇ. ಬೇಕಾದ್ರೆ ಮೇಡಂನ ಕೇಳು."

ಪ್ರಕಾಶ್ ನನ್ನತ್ತ ನೋಡಿದರು. ಎರಡು ಚಿಲ್ಲರೆ ಎಂದು ತಿದ್ದಿ, ನನ್ನ ಡಬ್ಬವನ್ನು ಅವರ ಡಬ್ಬದ ಹಿಂದೆ ಇಟ್ಟೆ.